ಹಸಿದ ಕೌದಿಯ ಕಥೆ

ದೀಪದ ಕುಡಿ ಸರಿಮಾಡಿಕೊಳ್ಳಿ, ಕೈಯಲ್ಲಿ ನಾಲ್ಕು ಕಾಳು ಜೋಳ ಹಿಡಿದುಕೊಳ್ಳಿ, ಕೂಸುಗಳನ್ನು ತೊಡೆಯ ಮೇಲೆ ಎಳೆದುಕೊಳ್ಳಿ. ಕಾರ್ತಿಕದ ಮೊದಲ ಮಂಗಳವಾರ ಕೇಳಬೇಕಾದ, ಕೌದಿ ಕಾಯುವ ಕಂಥಾಗೌರಿಯ ಮಹಿಮೆಯಿದು.

ಚಂದ್ರಾವತಿಯೆಂಬ ಪಟ್ಟಣದಲ್ಲಿ ಒಂದು ಪದ್ಧತಿಯಿತ್ತು. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿದವಳು, ಮೂಲೆಗಳನ್ನು ಮುಚ್ಚುವ ಮುನ್ನ ನೆರೆಯ ಹೆಂಗಸರನ್ನು ಕರೆದು, ಅವರ ಕೈಯಿಂದ ನಾಲ್ಕು ಮೂಲೆಗೂ ಚಿಟಿಕೆ ಜೋಳ ಹಾಕಿಸಿ, "ಉಂಡು ಬೆಚ್ಚಗಿಡವ್ವ" ಎಂದು ಗೌರಿಗೆ ಕೈಮುಗಿದು, ಆಮೇಲೆ ಹೊಲಿಗೆ ಮುಗಿಸಬೇಕು. ಕೌದಿಗೂ ಹೊಟ್ಟೆಯಿದೆ, ಅದು ಬರಿದಿರಬಾರದು ಎಂಬುದು ಹಿರಿಯರ ಮಾತು.

ಆ ಪಟ್ಟಣದ ಶಿವಗಂಗಿ ಸೂಜಿ ಹಿಡಿದರೆ ಹೊಲಿಗೆ ಇರುವೆ ಸಾಲಿನಂತೆ ನೆಟ್ಟಗೆ ಹೋಗುತ್ತಿತ್ತು. ಅದು ಅವಳಿಗೂ ಗೊತ್ತಿತ್ತು, ಅದೇ ಬಂದ ತೊಂದರೆ. ನಗಬೇಡಿರಿ, ನಿಮ್ಮಲ್ಲಿಯೂ ಅಂಥವರಿದ್ದಾರೆ, ನಾನು ಹೆಸರು ಹೇಳುವುದಿಲ್ಲ. ಅವಳು ಚೊಚ್ಚಲ ಹೆಣ್ಣು ಹೆತ್ತ ವರ್ಷ, ಚಳಿ ಬರುವ ಮೊದಲೇ ಐದು ಕೌದಿ ಹೊಲಿದಳು. ಒಂದು ತನ್ನ ತೊಟ್ಟಿಲಿಗೆ, ಉಳಿದವು ಅತ್ತಿಗೆಗೆ, ಚಿಕ್ಕಮ್ಮನಿಗೆ, ನಾದಿನಿಗೆ, ಒಂದು ಗೆಳತಿ ನೀಲವ್ವನ ಮುದಿ ತಾಯಿಗೆ. ಕಾಳು ಹಾಕಿದರೆ ಮೂಲೆ ಗಂಟಾಗಿ ಉಬ್ಬುತ್ತದೆ, ತನ್ನ ಕೈಕೆಲಸ ಕೆಟ್ಟು ಕಾಣುತ್ತದೆ ಎಂದುಕೊಂಡು, ಯಾರನ್ನೂ ಕರೆಯದೆ, ಬರಿದಾದ ಮೂಲೆಗಳನ್ನೇ ಚಪ್ಪಟೆಯಾಗಿ ಹೊಲಿದು ಹಂಚಿಬಿಟ್ಟಳು. ನೋಡಿದವರೆಲ್ಲ ಹೊಗಳಿದರು.

ಎಂಟು ದಿನ ಕಳೆಯಿತು. ಮಟಮಟ ಮಧ್ಯಾಹ್ನ ತೊಟ್ಟಿಲ ಕೌದಿಯನ್ನು ಬಿಸಿಲಿಗೆ ಹಾಕಿದರೆ ಅಂಗಳದ ಕಲ್ಲು ಕಾದಿತ್ತು, ಕೌದಿ ಮಾತ್ರ ಬಾವಿಯ ನೀರಿನಷ್ಟು ತಣ್ಣಗಿತ್ತು. ಗುಬ್ಬಿಗಳು ಅದರ ನೆರಳನ್ನು ದಾಟದೆ ಸುತ್ತು ಹಾಕಿ ಹೋಗುತ್ತಿದ್ದವು. ಶಿವಗಂಗಿ ಕಿವಿಯಿಟ್ಟು ಕೇಳಿದಳು. ಒಳಗೆ ಹಸಿದ ಹೊಟ್ಟೆ ಗುರುಗುಟ್ಟುವ ಸದ್ದು. ಗಾಳಿಯಿರಬೇಕೆಂದು ತನಗೆ ತಾನೇ ಹೇಳಿಕೊಂಡಳು, ಆದರೆ ಒಂದೆಲೆಯೂ ಅಲುಗಿರಲಿಲ್ಲ.

ಅಂದಿನಿಂದ ಕೂಸಿನ ಪಾದ ತಣ್ಣಗಾಯಿತು, ಮರುದಿನ ಮೊಣಕಾಲು, ಅದರ ಮರುದಿನ ಸೊಂಟ. ಕೂಸು ಅಳುವುದನ್ನೂ ಬಿಟ್ಟಿತು. ಕಂಗೆಟ್ಟ ತಾಯಿ ಕೌದಿಯನ್ನು ಒಯ್ದು ಹೊಳೆಗೆಸೆದು ಬಂದರೆ, ಅದು ಇವಳಿಗಿಂತ ಮುಂಚೆ ಮನೆ ಸೇರಿ, ಒಂದು ಹನಿ ನೀರಿಲ್ಲದೆ, ನಾಲ್ಕು ಮಡಿಕೆಯಾಗಿ ತೊಟ್ಟಿಲಲ್ಲಿ ಕೂತಿತ್ತು.

ಆಗ ಬಾಗಿಲಲ್ಲಿ ತೇಪೆಯ ಸೀರೆ ಉಟ್ಟ ಮುದುಕಿಯೊಬ್ಬಳು ನಿಂತಿದ್ದಳು. ಅವಳ ಕಾಲು ಹೊಸ್ತಿಲಿಗೆ ತಾಗಿರಲಿಲ್ಲ. "ಹಸದದ ತಂಗಿ, ನೀ ಉಣಿಸಲಿಲ್ಲ, ಅದಕ್ಕ ಮೈಯ ಕಾವು ತಿನ್ನಾಕತ್ತದ. ಕೊಟ್ಟ ನಾಕೂ ಮನಿಗೆ ಹೋಗು. ಮಾಡಿದ್ದು ಬಾಯಿಬಿಟ್ಟು ಹೇಳು. ಅವರ ಕೌದಿಗೆ ಮೊದಲು ಉಣಿಸು, ಆಮೇಲೆ ನಿನ್ನ ಕೌದಿಗೆ ಅವರ ಕೈಯಿಂದ ಕಾಳು ಬೇಡು" ಎಂದು ಹೇಳಿ, ಹೊರಗಿನ ಬಿಸಿಲಲ್ಲಿ ಕಾಣದಾದಳು.

ಶಿವಗಂಗಿ ಕೂಸನ್ನು ಅದೇ ಕೌದಿಯಲ್ಲಿ ಸುತ್ತಿ ಎದೆಗವಚಿಕೊಂಡು ಓಡಿದಳು. ಅತ್ತಿಗೆ, ಚಿಕ್ಕಮ್ಮ, ನಾದಿನಿ ಮೂವರೂ ತಂತಮ್ಮ ಅಂಗಳದ ಬಿಸಿಲಲ್ಲಿ ಕೂತು ನಡುಗುತ್ತಿದ್ದರು. ಅವಳು ತಪ್ಪು ಒಪ್ಪಿಕೊಂಡು, ತನ್ನ ಅಂದದ ಹೊಲಿಗೆಯನ್ನು ತಾನೇ ಬಿಚ್ಚಿ, ಕಾಳು ತುಂಬಿ ಹೊಲಿದಳು. ಮೂವರೂ ಬೈದರು, ಬೈದೇ ಅವಳ ಕೌದಿಯ ಮೂರು ಮೂಲೆಗೆ ಕಾಳು ಹಾಕಿದರು. ಕೂಸಿನ ಸೊಂಟ ಬೆಚ್ಚಗಾಯಿತು, ಮೊಣಕಾಲು ಬೆಚ್ಚಗಾಯಿತು. ಪಾದ ಮಾತ್ರ ಹಾಗೇ ಇತ್ತು, ಕಾವು ಮತ್ತೆ ಹಿಂದಕ್ಕೆ ಸರಿಯತೊಡಗಿತು.

ನೀಲವ್ವನ ಮನೆಯಲ್ಲಿ ಹಿಂದಿನ ದಿನವೇ ತಾಯಿ ತೀರಿದ್ದಳು. ಮೂಲೆಯಲ್ಲಿ ಆ ಕೌದಿ, ಹೊಟ್ಟೆ ತುಂಬಿದಂತೆ ದಪ್ಪಗೆ, ಸುಮ್ಮನೆ ಬಿದ್ದಿತ್ತು. ಶಿವಗಂಗಿ ಹೊಸ್ತಿಲಲ್ಲೇ ಕುಸಿದು ಎಲ್ಲವನ್ನೂ ಹೇಳಿ, ಆ ಕೌದಿಯ ಮೂಲೆಗಳನ್ನೂ ಬಿಚ್ಚಿ ತುಂಬಿ ಹೊಲಿದಳು. ಆಮೇಲೆ ತನ್ನ ಕೌದಿಯ ನಾಲ್ಕನೆಯ ಮೂಲೆಯನ್ನು ಚಾಚಿದಳು. ನೀಲವ್ವ ಎದ್ದು ಒಳಹೋಗಿ, ತಾಯಿ ಮಲಗುತ್ತಿದ್ದ ಕಡೆ ತಲೆದೆಸೆಯಲ್ಲಿ ಹಚ್ಚಿಟ್ಟ ದೀಪದ ಬುಡಕ್ಕೆ ಹಾಕಿದ್ದ ಜೋಳವನ್ನೇ ಹಿಡಿ ತುಂಬ ತಂದಳು.

"ನಮ್ಮವ್ವನ್ನ ನೀನ ಕಳಿಸಿದಿ. ನಿನ್ನ ಮುಖ ನೋಡಾಕ ಮನಸಿಲ್ಲ ನನಗ. ಆದ್ರ ಕೂಸು ಏನ್ ಮಾಡೇತಿ? ಹಿಡಿ" ಎಂದು ಅಳುತ್ತಲೇ ಕಾಳು ಸುರಿದಳು. ಕೂಸು ಕಾಲು ಝಾಡಿಸಿ ಅತ್ತಿತು.

ಶಿವಗಂಗಿ ಮುಂದೆ ಮಕ್ಕಳು ಮರಿಗಳೊಂದಿಗೆ ತುಂಬಿ ಬಾಳಿದಳು, ವರ್ಷವರ್ಷವೂ ಕರೆದು ಕಾಳು ಹಾಕಿಸಿದಳು. ಈ ಕಥೆಯನ್ನು ಹೇಳಿದವರ, ಕೇಳಿದವರ, ಹೂಂಗುಟ್ಟಿದವರ ತೊಟ್ಟಿಲು ಬೆಚ್ಚಗಿರಲಿ, ಹಾಸಿಗೆ ಹಿಡಿದ ಹಿರಿಯರ ಪಾದ ಬೆಚ್ಚಗಿರಲಿ, ಶಿವಗಂಗಿಗೆ ಮಗಳನ್ನು ಮರಳಿ ಕೊಟ್ಟ ಗೌರಿ ನಿಮಗೂ ಕೊಡಲಿ. ನೀಲವ್ವನಿಗೆ ಅವಳ ತಾಯಿಯನ್ನು ಯಾರೂ ಮರಳಿ ಕೊಡಲಿಲ್ಲ. ಆದ್ದರಿಂದ ಕೈಯಲ್ಲಿರುವ ಕಾಳಿನಲ್ಲಿ ಮೊದಲನೆಯದನ್ನು ಆ ಮುದಿ ತಾಯಿಯ ಹೆಸರಿನಲ್ಲಿ ದೀಪದ ಬುಡಕ್ಕೆ ಹಾಕಿರಿ.