ದಿಕ್ಕಿಲ್ಲದ ಗಾಳಿ ಕುಣಿದದ್ದು

ಭೂಮಿ ಆಗಷ್ಟೇ ಹೆಂಚಿನಿಂದ ಇಳಿಸಿದ ರೊಟ್ಟಿಯ ಹಾಗೆ ಬಿಸಿಬಿಸಿಯಾಗಿ, ಮೆತ್ತಗೆ ಇದ್ದ ಕಾಲ. ಬೆಟ್ಟಗಳು ಇನ್ನೂ ಗಟ್ಟಿಯಾಗಿರಲಿಲ್ಲ. ಹಳ್ಳಗಳಿಗೆ ಎಲ್ಲಿ ಹರಿಯಬೇಕೆಂದು ಸರಿಯಾಗಿ ಗೊತ್ತಿರಲಿಲ್ಲ. ಮರ ಮಾತಾಡಿದರೆ ಮನುಷ್ಯರಿಗೆ ತಿಳಿಯುತ್ತಿತ್ತು, ಮನುಷ್ಯರು ಬೈದರೆ ಮರಕ್ಕೂ ತಿಳಿಯುತ್ತಿತ್ತು.

ಆ ಕಾಲದಲ್ಲಿ ಗಾಳಿಯ ಮನೆಯಲ್ಲಿ ನಾಲ್ಕು ಜನ ಅಣ್ಣಂದಿರು, ಒಬ್ಬಳು ತಂಗಿ. ದೊಡ್ಡವನಿಗೆ ಮೂಡಣ ದಿಕ್ಕು ಸಿಕ್ಕಿತು. ಅವನ ತಮ್ಮನಿಗೆ ಪಡುವಣ. ಉಳಿದಿಬ್ಬರು ತೆಂಕಣ, ಬಡಗಣ ಹಂಚಿಕೊಂಡರು. ತಂಗಿ ಹುಟ್ಟುವ ಹೊತ್ತಿಗೆ ಕೊಡುವುದಕ್ಕೆ ದಿಕ್ಕೇ ಉಳಿದಿರಲಿಲ್ಲ.

ಅವಳ ಹೆಸರು ಸುಯ್ಯಿ.

ಸುಯ್ಯಿಗೆ ಅದರ ಬೇಜಾರೇನೂ ಇರಲಿಲ್ಲ. ಯಾರು ಕರೆದರೆ ಅತ್ತ ಹೋಗುತ್ತಿದ್ದಳು. ಸುಯ್ಯಿ, ಒಲೆ ಹತ್ತುತ್ತಿಲ್ಲ ಬಾರೇ ಅಂದರೆ ಬಂದು ಊದುತ್ತಿದ್ದಳು. ಸುಯ್ಯಿ, ಮಗು ಸೆಕೆಗೆ ಅಳುತ್ತಿದೆ ಬಾರೇ ಅಂದರೆ ಬಂದು ತೊಟ್ಟಿಲು ತೂಗುತ್ತಿದ್ದಳು. ಹೊಲಕ್ಕೆ ಬಾರೇ ಅಂದರೆ ಹೊಲಕ್ಕೆ, ಹಿತ್ತಲಿಗೆ ಬಾರೇ ಅಂದರೆ ಹಿತ್ತಲಿಗೆ.

ಆದರೆ ಸುಯ್ಯಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಣದ ಕುಣಿತ.

ಸುಗ್ಗಿ ಮುಗಿದ ಮೇಲೆ, ಜೋಳ ಬಡಿದು ರಾಶಿ ಮಾಡಿದ ಮೇಲೆ, ಎಲ್ಲರೂ ಕಣಕ್ಕೆ ಬರುತ್ತಿದ್ದರು. ನಡು ಮಧ್ಯಾಹ್ನವೇ ಬರುತ್ತಿದ್ದರು. ಹೊತ್ತು ನೆತ್ತಿಯ ಮೇಲಿದ್ದಾಗ ಎಲ್ಲರ ನೆರಳೂ ಅವರವರ ಕಾಲಡಿಗೇ ಇರುತ್ತದೆ, ದೊಡ್ಡವರ ನೆರಳು ಸಣ್ಣವರ ಮೇಲೆ ಬೀಳುವುದಿಲ್ಲ. ಅದಕ್ಕೇ ಆ ಹೊತ್ತು. ಸಂಕವ್ವ ಎಂಬ ಮುದುಕಿ ಹಲಗೆ ಬಾರಿಸುತ್ತಿದ್ದಳು. ಮಿಕ್ಕವರೆಲ್ಲ ಕೈ ಕೈ ಹಿಡಿದು ಸುತ್ತು ಕಟ್ಟುತ್ತಿದ್ದರು. ಕೈಯಿಲ್ಲದವರು ಬಾಲ ಕೊಡುತ್ತಿದ್ದರು, ಬಾಲವಿಲ್ಲದವರು ಕೊಂಬೆ ಕೊಡುತ್ತಿದ್ದರು. ಹಳ್ಳವ್ವ ತನ್ನ ಸಣ್ಣದೊಂದು ತೊರೆ ಚಾಚುತ್ತಿದ್ದಳು.

ಅದು ಬರೀ ಕುಣಿತವಲ್ಲ. ಯಾರ ಕೈ ಹಿಡಿದು ಕುಣಿದೆಯೋ ಅವರು ನಿನ್ನ ನೆಂಟರು. ಬಾಯಾರಿದರೆ ಅವರ ನೀರು ಕೇಳಬಹುದು, ದಣಿದರೆ ಅವರ ನೆರಳು ಕೇಳಬಹುದು. ಕೊಡುವುದಿಲ್ಲ ಅನ್ನುವ ಹಾಗಿಲ್ಲ. ಸುಯ್ಯಿ ಯಾವಾಗಲೂ ಹಳ್ಳವ್ವನಿಗೂ ಆಮೆಜ್ಜನಿಗೂ ನಡುವೆ ನಿಲ್ಲುತ್ತಿದ್ದಳು. ಮನೆಯಿಲ್ಲದ, ಮಠವಿಲ್ಲದ ಅವಳಿಗೆ ಆ ಎರಡು ಕೈಗಳೇ ತವರು.

ಆ ವರ್ಷ ಜೋಳ ಬೆಳೆದದ್ದೇ ಬೆಳೆದದ್ದು. ಕಣದ ತುಂಬ ತೆನೆ. ಬಡಿದರೂ ಮುಗಿಯದು, ತುಳಿಸಿದರೂ ಮುಗಿಯದು. ಕಾಳಿನಿಂದ ಹೊಟ್ಟು ಬೇರೆ ಮಾಡಬೇಕಲ್ಲ, ಸುಯ್ಯಿಯನ್ನು ಕರೆದರು. ಹೆಂಗಸರು ಮೊರ ಎತ್ತಿ ತೂರಿದರು, ಸುಯ್ಯಿ ಬೀಸಿದಳು. ಅವರು ತೂರಿದರು, ಇವಳು ಬೀಸಿದಳು. ಕೈ ಸೋತ ಹೆಂಗಸರು ಕೂತು ಎಲೆ ಹಾಕಿಕೊಂಡರು. ಸುಯ್ಯಿ ಕೂರಲಿಲ್ಲ. ಬೀಸಿ ಬೀಸಿ ಅವಳ ಉಸಿರು ಒಣಗಿತು. ಇನ್ನೇನು ಕುಣಿತ ಬಂತಲ್ಲ ಎಂದುಕೊಂಡೇ ಬೀಸಿದಳು.

ಕುಣಿತದ ದಿನ ಮೈಯೆಲ್ಲ ತೊಳೆದುಕೊಂಡು ಬಂದಳು. ಬಂದರೆ, ಕಣದ ಬಾಯಲ್ಲಿ ಕೊಕ್ಕರೆಯಪ್ಪ ನಿಂತಿದ್ದ.

ಹೋದ ಸಲ ಕುಣಿತದಲ್ಲಿ ಸ್ವಲ್ಪ ನೂಕುನುಗ್ಗಲಾಗಿತ್ತು. ಕೊಕ್ಕರೆಯಪ್ಪನ ಕತ್ತು ಉದ್ದ, ಎಲ್ಲರ ತಲೆಯ ಮೇಲಿಂದ ಅವನಿಗೆ ಕಾಣುತ್ತದೆ ಎಂದು ಈ ಸಲ, ನೀನೇ ಸಾಲು ನೋಡಿಕೋ ಮಾರಾಯ ಅಂದಿದ್ದರು. ನೋಡಿಕೋ ಅಂದದ್ದೇ ತಡ, ಅವನು ಆಳಲು ಶುರುಮಾಡಿದ್ದ. ಬಿಳೀ ಗರಿ ತೀಡಿಕೊಂಡು, ಕೊಕ್ಕು ಮೇಲೆತ್ತಿ, ಬಂದವರನ್ನೆಲ್ಲ ಕೇಳುತ್ತಿದ್ದ, "ನಿನ್ನ ದಿಕ್ಕು ಯಾವುದು?"

"ಮೂಡಣ," ಅಂದರೆ, "ಹೋಗು, ಮೂಡಣಕ್ಕೆ ನಿಲ್ಲು."

"ಬಡಗಣ," ಅಂದರೆ, "ಅಗೋ ಅಲ್ಲಿ."

ಸುಯ್ಯಿ ನಗುನಗುತ್ತಾ ಬಂದಳು. "ಏನ್ ಕೊಕ್ಕರೆಯಪ್ಪ, ಜೋರಾಗಿದ್ದೀಯ! ದಾರಿ ಬಿಡು."

"ನಿನ್ನ ದಿಕ್ಕು ಯಾವುದು?"

"ಗೊತ್ತಿಲ್ಲವಾ ನಿನಗೆ? ನನಗೆಲ್ಲಿದೆ ದಿಕ್ಕು?"

"ದಿಕ್ಕಿಲ್ಲ ಅಂದಮೇಲೆ ಜಾಗವೂ ಇಲ್ಲ," ಅಂದ ಕೊಕ್ಕರೆಯಪ್ಪ. "ಈ ಸಲ ಎಲ್ಲ ಸರಿಯಾಗಿ ನಡೆಯಬೇಕು. ಅಲ್ಲದೆ ನೀನು ಬಂದರೆ ಧೂಳು. ನನ್ನ ಗರಿ ನೋಡು, ಎಷ್ಟು ಚೊಕ್ಕಟವಾಗಿದೆ."

ಸುಯ್ಯಿಗೆ ಅವನು ತಮಾಷೆ ಮಾಡುತ್ತಿದ್ದಾನೆ ಅನ್ನಿಸಿತು. ಅವನ ಮುಖ ನೋಡಿದಳು. ತಮಾಷೆಯಲ್ಲ.

"ಆ ರಾಶಿ ಯಾರು ಮಾಡಿದ್ದು?" ಎಂದು ಕೇಳಿದಳು. "ಹೊಟ್ಟು ಹಾರಿಸಿದ್ದು ಯಾರು? ಆಗ ಯಾರೂ ನನ್ನ ದಿಕ್ಕು ಕೇಳಲಿಲ್ಲವಲ್ಲ!"

"ಕೆಲಸ ಬೇರೆ, ಕುಣಿತ ಬೇರೆ. ಕೆಲಸ ಮಾಡಿದ್ದಕ್ಕೆ ಇಲ್ಲ ಅನ್ನುತ್ತೇವಾ? ಬೇಲಿಯಾಚೆ ಒಂದು ಕುಡಿಕೆ ಅಂಬಲಿ ಇಡಿಸಿದ್ದೇನೆ. ಕುಡಿದು ಹೋಗು."

"ನಾನು ಅಂಬಲಿ ಕೇಳಿದೆನಾ?" ಅಂದಳು ಸುಯ್ಯಿ. "ಕೈ ಕೇಳಿದೆ."

ಸುಯ್ಯಿ ಅಣ್ಣಂದಿರ ಕಡೆ ನೋಡಿದಳು. ನಾಲ್ವರೂ ನಾಲ್ಕು ದಿಕ್ಕಿಗೆ ಮುಖ ತಿರುಗಿಸಿದರು. ಆಮೆಜ್ಜನ ಕಡೆ ನೋಡಿದಳು. ಆಮೆಜ್ಜ ತಲೆಯನ್ನು ಮೆಲ್ಲಗೆ ಚಿಪ್ಪಿನೊಳಕ್ಕೆ ಎಳೆದುಕೊಂಡ. ಕೊನೆಗೆ ಹಳ್ಳವ್ವನ ಕಡೆ ನೋಡಿದಳು. ಚಿಕ್ಕಂದಿನಿಂದ ಯಾರ ಮಡಿಲಲ್ಲಿ ಅಲೆ ಎಬ್ಬಿಸಿ ಆಡಿದ್ದಳೋ ಆ ಹಳ್ಳವ್ವನ ಕಡೆ.

ಹಳ್ಳವ್ವ ಕಾಲಬೆರಳಿನಿಂದ ಮರಳು ಕೆದಕುತ್ತಾ ನಿಂತಿದ್ದಳು. ಬಾಯಿ ಬಿಡಲಿಲ್ಲ.

ಎಲ್ಲರಿಗೂ ಪಾಪ ಅನ್ನಿಸಿತ್ತು. ಯಾರೊಬ್ಬರೂ ಹಿಡಿದ ಕೈ ಬಿಟ್ಟು ಹೊರಗೆ ಬರಲಿಲ್ಲ.

ಕೊಕ್ಕರೆಯಪ್ಪ ಕಣ ಗುಡಿಸಿದ. ಒಣಗಿದೆಲೆ, ಹೊಟ್ಟು, ಉದುರಿದ ಗರಿ, ಎಲ್ಲವನ್ನೂ ಗುಡಿಸಿ ಬೇಲಿಯಾಚೆ ತಳ್ಳಿದ. ಆಮೇಲೆ ಸಂಕವ್ವನಿಗೆ ಕೊಕ್ಕು ಆಡಿಸಿ, "ಹೂಂ, ಬಾರಿಸು," ಅಂದ.

ಸುಯ್ಯಿ ಬೇಲಿಯಾಚೆ ಕೂತಳು. ಒಳಗೆ ಹಲಗೆ ಡಣಡಣ ಅಂದಿತು. ಹೆಜ್ಜೆ ಬಿತ್ತು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಂಬಲಿಯ ಕುಡಿಕೆಯನ್ನು ಒದ್ದಳು. ಅದು ಉರುಳಿ ಹೋಗಿ ಕಸದ ಗುಪ್ಪೆಗೆ ಬಡಿಯಿತು.

"ಅಯ್ಯೋ, ಇಲ್ಲೂ ಒದೆಯಾ?" ಅಂದಿತು ಒಂದು ಸಣ್ಣ ದನಿ.

ಜೋಳದ ಹೊಟ್ಟು ಮಾತಾಡಿತ್ತು.

"ನಿನಗಲ್ಲ," ಅಂದಳು ಸುಯ್ಯಿ, ನಾಚಿಕೆಯಿಂದ. "ಅಂಬಲಿಗೆ ಒದ್ದದ್ದು."

"ಯಾರಿಗೆ ಒದ್ದರೇನು, ಬೀಳುವುದು ನಮಗೇ," ಅಂದಿತು ಹೊಟ್ಟು. "ನಿನ್ನೆ ಮೊನ್ನೆಯ ತನಕ ಆ ಕಾಳಿಗೆ ಮೈಮೇಲಿನ ಬಟ್ಟೆಯಾಗಿದ್ದೆವು. ಬಿಸಿಲು ತಾಗದ ಹಾಗೆ, ಹುಳ ಮುಟ್ಟದ ಹಾಗೆ ಕಾಪಾಡಿ ಬೆಳೆಸಿದೆವು. ಕಾಳು ಬಲಿಯಿತು, ನಾವು ಕಸವಾದೆವು."

"ನಾನು ಇದೇ ಕಣಕ್ಕೆ ನೆರಳು ಕೊಟ್ಟವಳು," ಅಂದಿತು ಒಣಗಿದೆಲೆ. "ಹಸಿರಾಗಿದ್ದಾಗ ನನ್ನ ಕೆಳಗೇ ಮಲಗುತ್ತಿದ್ದರು."

ಉದುರಿದ ಗರಿಯೊಂದು ಎದ್ದು ನಿಂತಿತು. ಅದಕ್ಕಂತೂ ಸಿಟ್ಟು ತಡೆಯಲಾಗುತ್ತಿರಲಿಲ್ಲ. "ನೀವು ಬೇರೆಯವರು ಬಿಡಿ! ನಾನು ಆ ಕೊಕ್ಕರೆಯಪ್ಪನ ರೆಕ್ಕೆಯಲ್ಲೇ ಇದ್ದವನು. ಬೆಳಿಗ್ಗೆ ಉದುರಿದೆ, ಮಧ್ಯಾಹ್ನ ಗುಡಿಸಿದ! ನನ್ನ ಗುರುತೂ ಹಿಡಿಯಲಿಲ್ಲ!"

ಸುಯ್ಯಿ ಧಡಕ್ಕನೆ ಎದ್ದಳು. ಕಣದ ನಡುವೆ ಜೋಳದ ರಾಶಿ ಬಿಸಿಲಿಗೆ ಹೊಳೆಯುತ್ತಿತ್ತು. "ನಾನೇ ಮಾಡಿದ ರಾಶಿ ಅದು, ನಾನೇ ಚೆಲ್ಲುತ್ತೇನೆ. ಒಂದು ಕಾಳೂ ಯಾರ ಕೈಗೂ ಸಿಗಬಾರದು. ನಾನಿಲ್ಲದೆ ಹೇಗೆ ಕುಣಿಯುತ್ತಾರೋ, ಹೇಗೆ ಉಣ್ಣುತ್ತಾರೋ ನೋಡಿಯೇ ಬಿಡುತ್ತೇನೆ!"

"ಬೇಡ ಕಣೇ," ಅಂದಿತು ಹೊಟ್ಟು. "ಅವು ನಮ್ಮ ಮಕ್ಕಳು. ಅವೇನು ಮಾಡಿದವು?"

ಸುಯ್ಯಿ ನಿಂತಲ್ಲೇ ನಿಂತಳು. ಸಿಟ್ಟು ಇಳಿಯಲಿಲ್ಲ, ಆದರೆ ರಾಶಿಯ ಕಡೆ ಹೋಗಲು ಕಾಲು ಬರಲಿಲ್ಲ. ಆ ಸಿಟ್ಟನ್ನು ಎಲ್ಲಿ ಹಾಕುವುದು? ನಿಂತ ಜಾಗದಲ್ಲೇ ಒಂದು ಸುತ್ತು ತಿರುಗಿದಳು. ಇನ್ನೊಂದು ಸುತ್ತು ತಿರುಗಿದಳು. ಆಮೇಲೆ ಕಸದ ಗುಪ್ಪೆಯ ಕಡೆ ಕೈ ಚಾಚಿದಳು.

"ಬನ್ನಿ. ಕೈ ಕೊಡಿ."

"ನಮ್ಮನ್ನಾ ಕರೆದದ್ದು?" ಅಂದಿತು ಎಲೆ.

"ನಿಮ್ಮನ್ನೇ."

"ನಾವು ಯಾವ ದಿಕ್ಕಿಗೆ ನಿಲ್ಲಬೇಕು?" ಎಂದು ಹೆದರಿ ಹೆದರಿ ಕೇಳಿತು ಹೊಟ್ಟು.

"ಸುತ್ತುವವರಿಗೆ ಎಂಥ ದಿಕ್ಕು!" ಅಂದಳು ಸುಯ್ಯಿ. "ಸುಮ್ಮನೆ ಸುತ್ತಿ."

ಹೊಟ್ಟು ಎಲೆಯ ಕೈ ಹಿಡಿಯಿತು. ಎಲೆ ಗರಿಯ ಕೈ ಹಿಡಿಯಿತು. ಗರಿ ಧೂಳಿನ ಕೈ ಹಿಡಿಯಿತು. ಸುತ್ತಿದರು. ಬೇಲಿಯ ಸಂದಿಯಲ್ಲಿ ಜಾಗ ಎಲ್ಲಿದೆ? ಅಗಲಕ್ಕೆ ಜಾಗವಿಲ್ಲದೆ ಎತ್ತರಕ್ಕೆ ಎದ್ದರು. ಮೊಣಕಾಲುದ್ದ ಎದ್ದರು, ಆಳುದ್ದ ಎದ್ದರು, ಮರದುದ್ದ ಎದ್ದರು. ಹೊಟ್ಟು ನಗುತ್ತಿತ್ತು, ಎಲೆ ಕೂಗುತ್ತಿತ್ತು, ಗರಿ ಎಲ್ಲರಿಗಿಂತ ಮೇಲೆ ಹೋಗಿ ಬೈಯುತ್ತಿತ್ತು.

ಆಗ ಕಣದೊಳಗೆ ಹಲಗೆ ನಿಂತಿತು.

ಸಂಕವ್ವ ಹಲಗೆ ಹೆಗಲಿಗೇರಿಸಿ ಬೇಲಿಯ ಕಡೆ ನಡೆದಳು. "ಎಲ್ಲಿಗೆ?" ಅಂದ ಕೊಕ್ಕರೆಯಪ್ಪ.

"ಕುಣಿಯುವವರು ಎಲ್ಲಿದ್ದಾರೋ ಅಲ್ಲಿಗೆ," ಅಂದಳು ಸಂಕವ್ವ. "ಇಷ್ಟು ವರ್ಷ ಬಾರಿಸಿದ್ದೇನೆ. ಒಬ್ಬರಾದರೂ ಮುದುಕಿ ನೀನೂ ಬಾ ಅಂದಿರಾ? ನನ್ನ ಹಲಗೆಯನ್ನೇನು ನಿನ್ನ ಕಣಕ್ಕೆ ಕಟ್ಟಿಹಾಕಿಲ್ಲ."

ಅವಳು ಹೊರಗೆ ಬಂದು ಬಾರಿಸಿದಳು ನೋಡು! ಸುಯ್ಯಿಯ ಸುತ್ತು ಬೇಲಿ ದಾಟಿತು. ಕೇಳಲಿಲ್ಲ, ಕೂಗಲಿಲ್ಲ, ನೇರ ಕಣದ ನಡುವೆ ನುಗ್ಗಿತು. ರಾಶಿಯ ಒಂದು ಕಾಳೂ ಅಲುಗದ ಹಾಗೆ ಪಕ್ಕದಿಂದ ಹಾದುಹೋಯಿತು. ಆದರೆ ಮೂಡಣದವರು ಪಡುವಣಕ್ಕೆ ಬಿದ್ದರು, ತೆಂಕಣದವರು ಬಡಗಣಕ್ಕೆ ಬಿದ್ದರು. ಕಷ್ಟಪಟ್ಟು ಕಟ್ಟಿದ ಸಾಲೆಲ್ಲ ಕಲಸಿಹೋಯಿತು. ಕೊಕ್ಕರೆಯಪ್ಪನ ಬಿಳೀ ಗರಿ ಮಣ್ಣಿನ ಬಣ್ಣಕ್ಕೆ ತಿರುಗಿತು.

"ನಿಲ್ಲಿಸು, ನಿಲ್ಲಿಸು!" ಎಂದು ಕೆಮ್ಮುತ್ತಾ ಕೂಗಿದ ಅವನು. "ಆಯಿತು ಮಾರಾಯ್ತಿ. ತೆಂಕಣಕ್ಕೂ ಮೂಡಣಕ್ಕೂ ನಡುವೆ ನಿನಗೊಂದು ಜಾಗ ಕೊಡುತ್ತೇವೆ. ಬಾ."

ಸುಯ್ಯಿ ತಿರುಗುತ್ತಲೇ ಕೇಳಿದಳು, "ಇವರಿಗೆ?"

"ಕಸಕ್ಕೆಲ್ಲ ಎಲ್ಲಿಂದ ಜಾಗ ತರಲಿ?"

"ಹಾಗಾದರೆ ಆ ಜಾಗವನ್ನು ನೀನೇ ಇಟ್ಟುಕೋ," ಅಂದಳು ಸುಯ್ಯಿ. "ಒಬ್ಬಳೇ ಒಳಗೆ ಬಂದು ನಾನೇನು ಮಾಡಲಿ?"

ಅಷ್ಟು ಹೇಳಿ ಕಣ ದಾಟಿ ಬಯಲಿಗೆ ಹೊರಟೇಬಿಟ್ಟಳು. ಹಿಂದೆ ಹಿಂದೆ ಸಂಕವ್ವನ ಹಲಗೆ.

ಸ್ವಲ್ಪ ದೂರ ಹೋದ ಮೇಲೆ ಯಾರೋ ಓಡಿಬರುವ ಸದ್ದಾಯಿತು. ಹಳ್ಳವ್ವ. ಏದುಸಿರು ಬಿಡುತ್ತಿದ್ದಳು.

"ಸುಯ್ಯಿ, ನಿಲ್ಲೇ. ನನ್ನದು ತಪ್ಪಾಯಿತು."

"ಆಗ ಎಲ್ಲಿ ಹೋಗಿತ್ತು ನಿನ್ನ ಬಾಯಿ?" ಅಂದಳು ಸುಯ್ಯಿ. "ಕೊಕ್ಕರೆಯಪ್ಪ ಅಂದದ್ದು ನನಗೆ ನೋಯಲಿಲ್ಲ ಹಳ್ಳವ್ವ. ನೀನು ಸುಮ್ಮನಿದ್ದೆಯಲ್ಲ, ಅದು ನೋಯಿತು."

ಹಳ್ಳವ್ವ ತಲೆ ತಗ್ಗಿಸಿದಳು. "ನಿಜ. ಹಿಡಿದ ಕೈ ಬಿಟ್ಟರೆ ಮುಂದಿನ ಸಲ ನನಗೂ ಜಾಗ ಸಿಗುವುದಿಲ್ಲವೇನೋ ಎಂದು ಹೆದರಿದೆ. ಈಗ ನಾನೂ ಬರುತ್ತೇನೆ. ನೀರಾಗಿ ಬಂದರೆ ನಿನ್ನ ಹೊಟ್ಟು, ಎಲೆ ಎಲ್ಲ ತೊಯ್ದು ನೆಲ ಕಚ್ಚುತ್ತವೆ. ನೀರನ್ನು ಬಿಟ್ಟು, ಮರಳಾಗಿ ಬರುತ್ತೇನೆ. ಸೇರಿಸಿಕೊಳ್ಳುತ್ತೀಯಾ?"

ಸುಯ್ಯಿ ಕ್ಷಮಿಸಿದೆ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಅವಳ ಕಡೆ ಕೈ ಚಾಚಿದಳು. ಹಳ್ಳವ್ವನ ಮರಳು ಸರ್ರನೆ ಮೇಲೆದ್ದು ಹೊಟ್ಟಿನ ಪಕ್ಕ ನಿಂತಿತು.

ಅಂದಿನಿಂದ ಜನ ಅವಳನ್ನು ಸುಯ್ಯಿ ಅನ್ನುವುದನ್ನು ಬಿಟ್ಟು ಸುಳಿಗಾಳಿ ಅಂದರು. ಸುಳಿಗಾಳಿ ಮತ್ತೆ ಯಾರ ಕಣದ ಬಾಯಲ್ಲೂ ನಿಂತು ಜಾಗ ಕೇಳಲಿಲ್ಲ. ಎಲ್ಲಿ ನಿಂತಳೋ ಅಲ್ಲೇ ಅವಳ ಕಣ. ಎಂದೂ ಯಾರನ್ನೂ ನಿನ್ನ ದಿಕ್ಕು ಯಾವುದು ಎಂದು ಕೇಳಲೂ ಇಲ್ಲ.

ಈಗಲೂ ಬೇಸಿಗೆಯ ನಡು ಮಧ್ಯಾಹ್ನ, ಹಳ್ಳ ಬತ್ತಿ ಮರಳು ಕಾಣುವಾಗ, ಬಯಲಲ್ಲಿ ಮಣ್ಣು ಇದ್ದಕ್ಕಿದ್ದಂತೆ ತಿರುಗುತ್ತಾ ಮೇಲೇಳುತ್ತದಲ್ಲ, ಅದು ಅವಳೇ. ಹತ್ತಿರದಿಂದ ನೋಡು, ಎಲೆ, ಹೊಟ್ಟು, ಗರಿ, ಹರಿದ ಕಾಗದ, ನೀನು ತಿಂದು ಬಿಸಾಡಿದ ಚಾಕಲೇಟಿನ ಸಿಪ್ಪೆ, ಎಲ್ಲ ಕೈ ಕೈ ಹಿಡಿದಿರುತ್ತವೆ. ಅವಳ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಮಗಾ, ಅಮ್ಮ ಬೆಳಿಗ್ಗೆ ಗುಡಿಸಿ ಬಾಗಿಲಾಚೆ ಹಾಕಿದ್ದನ್ನೆಲ್ಲ ಸುಳಿಗಾಳಿ ಮಧ್ಯಾಹ್ನ ಎತ್ತಿಕೊಂಡು ಬಂದು, ಮತ್ತೆ ನಮ್ಮ ನಡುಮನೆಯಲ್ಲೇ ಕುಣಿಸಿ ಹೋಗುತ್ತಾಳೆ.