ಕೂತಷ್ಟೂ ಬಂದ ಮುಪ್ಪು

ಶಿಷ್ಯ ಕೇಳಿದ: “ಗುರುಗಳೇ, ತಾಮ್ರಕ್ಕೆ ಚೂರು ಮ್ಯಾಂಗನೀಸ್ ಬೆರೆಸಿದ ತುಂಡು ಇದು. ಚೆನ್ನಾಗಿ ತಣಿಸಿ ಕೂಡಲೇ ಅಯಸ್ಕಾಂತ ಹಿಡಿದರೆ ಒಳಗಿನ ಕಣಗಳು ಬೇಗ ಅತ್ತ ತಿರುಗುತ್ತವೆ. ಅದೇ ತಣ್ಣಗಿನಲ್ಲಿ ಒಂದು ದಿನ ಸುಮ್ಮನೆ ಇಟ್ಟು ಹಿಡಿದರೆ, ಏಳಲಾರದ ಅಜ್ಜನ ಹಾಗೆ ನಿಧಾನ. ಬಿಸಿ ಮಾಡಿ ತಣಿಸಿದರೆ ಮತ್ತೆ ಹುಡುಗಾಟ! ಬರೀ ಕೂತಿದ್ದಕ್ಕೆ ಮುಪ್ಪು ಹೇಗೆ ಬರುತ್ತದೆ?”

ಗುರುಗಳು ಹೇಳಿದರು:

ಒಬ್ಬ ರೈತ ಮಗಳ ಮದುವೆ ಮಾಡಿದ. ಬೀಗರೂಟವೂ ಮುಗಿಯಿತು. ಐದರ ಬಸ್ಸಿಗೆ ಮಗಳು ಗಂಡನ ಮನೆಗೆ ಹೊರಡಬೇಕು. ಅಷ್ಟರೊಳಗೆ ಎರಡೂ ಕಡೆಯವರು ಒಟ್ಟಿಗಿರುವ ಒಂದು ಫೋಟೋ ಬೇಕೆಂದು ಅವಳ ಆಸೆ. ರೈತ ಮಾತು ಕೊಟ್ಟಿದ್ದ.

ಉಂಡವರು ಬಂದು ಚಾಪೆಯ ಮೇಲೆ ಕೂತರು. ಫೋಟೋದವನು, “ಈಗಲೇ ಹೊಡೆದುಬಿಡಲಾ?” ಅಂದ.

“ಇರಪ್ಪಾ, ಎಲೆ ಅಡಿಕೆ ಹಾಕ್ಕೊಳ್ಳಲಿ. ಸರಿಯಾಗಿ ಕೂತ ಮೇಲೆ ಚೆನ್ನಾಗಿ ಬರುತ್ತೆ,” ಅಂದ ರೈತ.

ಕೆಟ್ಟದ್ದು ಅಲ್ಲೇ. ಬೀಗರಿಗೆ ಬೆನ್ನು ಹಾಕಬಾರದು. ಮಾತು ಬಿಟ್ಟವರ ಮುಖ ನೋಡಬಾರದು. ಸೊಸೆ ಮಾವನಿಗೆ ಎದುರಾಗಿ ಕೂರಬಾರದು. ಇಷ್ಟನ್ನೂ ಒಟ್ಟಿಗೆ ನಡೆಸಲು ಯಾರಿಂದ ಆದೀತು? ಒಬ್ಬ ಅತ್ತ ತಿರುಗಿದರೆ ಇತ್ತ ಮೂವರಿಗೆ ಸಿಟ್ಟು. ಆದರೂ ಚೂರು ಸರಿದು, ಚೂರು ಹೊರಳಿ, ಪಕ್ಕದವರ ಜೊತೆ ಹೇಗೋ ಹೊಂದಿಕೊಂಡರು. ಮೊದಲು ಇಬ್ಬರು, ಆಮೇಲೆ ಐವರು, ಗಂಟೆ ಕಳೆಯುವಷ್ಟರಲ್ಲಿ ಅರ್ಧ ಚಾಪೆಯೇ ಒಂದು ಗಂಟು.

ಐದಕ್ಕೆ ಹತ್ತು ನಿಮಿಷ ಇದ್ದಾಗ ಫೋಟೋದವನು ಕೂಗಿದ: “ಎಲ್ಲರೂ ಇತ್ತ ನೋಡಿ!”

“ನಾನು ತಿರುಗಿದರೆ ಬೀಗರಿಗೆ ಬೆನ್ನು ಬೀಳುತ್ತಲ್ಲಯ್ಯಾ,” ಅಂದ ಹುಡುಗಿಯ ಸೋದರಮಾವ.

ಹಿಂದೆ ಕೂತಿದ್ದ ಅವನ ಹೆಂಡತಿ ಅಂದಳು: “ರೀ, ನೀವು ಅಲ್ಲಾಡಿದ್ರೆ ನನಗೆ ನಿಮ್ಮ ತಂಗಿ ಮೂತಿ ಕಾಣುತ್ತೆ. ಕೂತ್ಕೊಳ್ಳಿ ಸುಮ್ನೆ!”

ಒಬ್ಬ ತಿರುಗಲು ಹತ್ತು ಮಂದಿ ಏಳಬೇಕಿತ್ತು. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಮಗಳ ಕಣ್ಣು ತುಂಬಿತು.

ಫೋಟೋದವನು ಸೀದಾ ಬಾಗಿಲಾಚೆ ಹೋಗಿ, ಚಪ್ಪಲಿ ರಾಶಿಯ ಹಿಂದೆ ನಿಂತು, “ಅಯ್ಯಯ್ಯೋ, ಯಾರೋ ಚಪ್ಪಲಿ ಎತ್ಕೊಂಡ್ ಹೋದ್ರೂ!” ಎಂದು ಬಾಯಿ ಬಡಿದುಕೊಂಡ.

ನಲವತ್ತು ಜನ ದಡಬಡ ಎದ್ದರು. ಬೀಗರು ಯಾರು, ಮಾವ ಯಾರು! ಓಡಿ ಬಂದು ತಂತಮ್ಮ ಚಪ್ಪಲಿ ಎತ್ತಿ ಎದೆಗೆ ಅವಚಿಕೊಂಡರು. “ಇತ್ತ ನೋಡಿ!” ಅಂದ. ಎಲ್ಲರೂ ನೋಡಿದರು. ಮಗಳು ನಗುತ್ತಾ ನಡುವೆ ನುಗ್ಗಿದಳು. ಫೋಟೋ ಹೊಡೆದಾಯಿತು.

ಶಿಷ್ಯ ನಕ್ಕು ನಕ್ಕು ಸುಸ್ತಾದ. “ಅದು ಸರಿ ಗುರುಗಳೇ, ಗಂಟೆ ಕೂತು ಮುದುಕರಾದವರು ಒಂದು ಕೂಗಿಗೆ ಹುಡುಗರಾದದ್ದು ಹೇಗೆ?”

ಗುರುಗಳು ಅಂದರು: “ಮುಪ್ಪು ಅವರಿಗೆ ಬಂದಿರಲಿಲ್ಲಪ್ಪಾ, ಅವರು ಮಾಡಿಕೊಂಡ ರಾಜಿಗೆ ಬಂದಿತ್ತು.”