ಮರಿ ಟ್ರ್ಯಾಕ್ಟರಿನ ಬೆನ್ನಿಗೊಂದು ಫ್ಯಾನು

ಹೂಂ ಅನ್ನಿ. ಹೂಂ ಅನ್ನುವವರಿದ್ದರೆ ಮಾತ್ರ ಈ ಕಥೆ ನಡೆಯುತ್ತದೆ. ಇಲ್ಲದಿದ್ದರೆ ಕುಂತಲ್ಲೇ ಕುಂತುಬಿಡುತ್ತದೆ, ಈ ಕಥೆಯ ಎಮ್ಮೆಯ ಹಾಗೆ. ಎಮ್ಮೆ ಆಮೇಲೆ ಬರುತ್ತದೆ. ಅವಸರ ಬೇಡ.

ಒಂದು ಊರು. ಊರ ನಡುವೆ ಒಂದು ಕಣ. ಕಣ ಅಂದರೆ ಜೋಳದ ರಾಶಿ ಮಾಡುವ ಜಾಗ. ಆ ಊರಲ್ಲಿ ಎಲ್ಲಿಗೆ ಹೋಗಬೇಕಾದರೂ ಕಣದ ಪಕ್ಕದಲ್ಲೇ ಹೋಗಬೇಕು.

ಆ ಊರಲ್ಲಿ ಹೂವಿ ಅಂತ ಒಬ್ಬಳು ಹುಡುಗಿ. ಅವಳಿಗೊಂದು ಬೆಕ್ಕಿನ ಮರಿ. ಬೂದಿ ಬಣ್ಣದ ಮರಿ. ಅದಕ್ಕೇ ಅದರ ಹೆಸರು ಬೂದಿ. ಬೂದಿಯನ್ನು ಬಿಟ್ಟು ಹೂವಿ ಉಣ್ಣುತ್ತಿರಲಿಲ್ಲ. ಹೂವಿಯನ್ನು ಬಿಟ್ಟು ಬೂದಿ ಮಲಗುತ್ತಿರಲಿಲ್ಲ.

ಅವತ್ತು ಕಣಕ್ಕೆ ರಾಶಿ ಮಷೀನು ಬಂತು. ತೆನೆ ನುಂಗಿತು. ಈ ಕಡೆ ಜೋಳ ಸುರಿಯಿತು, ಗಳಗಳ. ಆ ಕಡೆ ಹೊಟ್ಟು ಉಗುಳಿತು, ಫುರ್ರ್.

ಜನ ಬಂದರು. ಉಡಿ ಒಡ್ಡಿದರು. ಹೂವಿಯ ದೊಡ್ಡಪ್ಪ ಒಬ್ಬೊಬ್ಬರ ಉಡಿಗೂ ಒಂದೊಂದು ಮೊರ ಜೋಳ ಹಾಕಿದ. ಕಣಕ್ಕೆ ಬಂದು ಉಡಿ ಒಡ್ಡಿದವರಿಗೆ ಇಲ್ಲ ಅನ್ನಬಾರದು. ಅದು ಕಣದ ರೀತಿ. ಹೂವಿ ಇದನ್ನು ನೋಡಿದಳು, ಮರೆತಳು. ನೀವಾದರೂ ನೆನಪಿಡಿ.

ಹೂವಿಗೆ ಬಾಯಾರಿತು. ಬೂದಿಯನ್ನು ನೆಲದ ಮೇಲೆ ಕೂರಿಸಿದಳು. ಮೇಲೆ ಬುಟ್ಟಿ ಬೋರಲು ಹಾಕಿದಳು. ಬುಟ್ಟಿಯ ಮೇಲೆ ಕಲ್ಲು ಇಟ್ಟಳು.

"ಇಲ್ಲೇ ಇರು. ಈಗ ಬರತೀನಿ."

ಹೋದಳು. ನೀರು ಕುಡಿದಳು. ಗೆಳತಿ ಸಿಕ್ಕಳು. ಕುಂಟೆಬಿಲ್ಲೆ ಆಡಿದಳು. ಇನ್ನೊಂದಾಟ ಆಡಿದಳು. ಆಮೇಲೆ ನೆನಪಾಯಿತು.

ಓಡಿ ಬಂದಳು. ಬುಟ್ಟಿ ಇಲ್ಲ! ಕಲ್ಲು ಇಲ್ಲ! ಬೂದಿ ಇಲ್ಲ! ಆ ಜಾಗದಲ್ಲಿ ಹೊಟ್ಟಿನ ಗುಡ್ಡೆ, ಮನೆಯಷ್ಟು ಎತ್ತರ. ರಾಶಿ ಮಷೀನು ಮುಂದಿನ ಊರಿಗೆ ಹೋಗೇಬಿಟ್ಟಿತ್ತು. ಗುಡ್ಡೆಯೊಳಗಿಂದ ಸದ್ದು ಬಂತು.

"ಮಿಯಾಂವ್!"

ಹೂವಿ ಕೈಯಿಂದ ತೋಡಿದಳು. ಒಂದು ಬೊಗಸೆ ತೆಗೆದರೆ ಎರಡು ಬೊಗಸೆ ಜಾರಿ ಬಂತು. ಮೈಯೆಲ್ಲ ತುರಿಕೆ. ಗುಡ್ಡೆ ಹತ್ತುವ ಹಾಗೂ ಇಲ್ಲ. ಬುಟ್ಟಿ ಮುರಿದರೆ ಬೂದಿ ಅಪ್ಪಚ್ಚಿ!

"ದೊಡ್ಡಪ್ಪಾ, ಬೂದಿ ಹೊಟ್ಟಿನಾಗ ಐತಿ!"

ದೊಡ್ಡಪ್ಪ ಆಕಳಿಸಿದ. "ಹೊಟ್ಟು ಹಾರಾಕ ಗಾಳಿ ಬೇಕು, ಯವ್ವಾ. ಸಂಜೀಗೆ ಗಾಳಿ ಬರತೈತಿ. ಆಮ್ಯಾಲ ನೋಡೂನು."

ಸಂಜೆ ತನಕವೇ? ಬೂದಿ ಕತ್ತಲಲ್ಲೇ? ಒಂಟಿಯಾಗಿ? ಹೂವಿಗೆ ಅಳು ಬಂತು. ಅಳುತ್ತಲೇ ಓಡಿದಳು. ಅಳುತ್ತಾ ಕೂತಿದ್ದರೆ ನಮಗೆ ಕಥೆ ಎಲ್ಲಿ ಸಿಗುತ್ತಿತ್ತು?

ಬೇವಿನ ಮರದ ಕೆಳಗೆ ಮರಿ ಟ್ರ್ಯಾಕ್ಟರ್ ನಿಂತಿತ್ತು. ಕೆಂಪು ಟ್ರ್ಯಾಕ್ಟರ್. ಗಾತ್ರ ಗೇಣು, ಗತ್ತು ಮಾರು.

"ಬೂದಿ ಹೊಟ್ಟಿನಾಗ ಐತಿ. ಹೊಟ್ಟು ಹಾರಾಕ ಗಾಳಿ ಬೇಕು. ಟ್ರ್ಯಾಕ್ಟರಪ್ಪಾ, ಗಾಳಿ ಕೊಡು."

"ಗಾಳಿ ಅಷ್ಟ? ಊರಿಗೆ ಊರ ಹಾರಸತೀನಿ! ಆದ್ರ ನನ್ನ ಬೆನ್ನಿಗೆ ಫ್ಯಾನು ಇಲ್ಲ. ಫ್ಯಾನು ಕೊಡಸು, ಗಾಳಿ ಕೊಡತೀನಿ."

ಹೂವಿ ಓಡಿದಳು, ಪಟ ಪಟ ಪಟ. ಟ್ರ್ಯಾಕ್ಟರ್ ಹೊರಟಿತು, ಡುಗು ಡುಗು ಡುಗು. ಕಣದ ಪಕ್ಕ ಹೋದರು. ಗುಡ್ಡೆಯೊಳಗಿಂದ ಸದ್ದು. "ಮಿಯಾಂವ್."

ಕಮ್ಮಾರ ಮೌನೇಶಕಾಕಾ ಕುಲುಮೆಯ ಮುಂದೆ ಕೂತಿದ್ದ.

"ಬೂದಿ ಹೊಟ್ಟಿನಾಗ ಐತಿ. ಹೊಟ್ಟು ಹಾರಾಕ ಗಾಳಿ ಬೇಕು. ಗಾಳಿ ಬಿಡಾಕ ಟ್ರ್ಯಾಕ್ಟರಿಗೆ ಫ್ಯಾನು ಬೇಕು. ಕಾಕಾ, ಫ್ಯಾನು ಕೊಡ್ರಿ."

ಮೌನೇಶಕಾಕಾನ ಹತ್ತಿರ ಮೂರು ಫ್ಯಾನು. ಒಂದು ದೊಡ್ಡದು. ಒಂದು ಸಣ್ಣದು. ಒಂದು ನಡುವಿನದು.

"ನನಗ ದೊಡ್ಡದ ಬೇಕು!" ಅಂತು ಟ್ರ್ಯಾಕ್ಟರ್.

"ಬ್ಯಾಡಪಾ ಮರಿ," ಅಂದ ಮೌನೇಶಕಾಕಾ.

"ದೊಡ್ಡದ ಬೇಕು! ದೊಡ್ಡದ ಬೇಕು!"

ಸರಿ. ದೊಡ್ಡದನ್ನು ಬೆನ್ನಿಗೆ ಹಾಕಿದ. ಬೆನ್ನು ಕೆಳಗೆ ಹೋಯಿತು. ಮುಂದಿನ ಗಾಲಿ ಎರಡೂ ಮೇಲೆ ಎದ್ದವು. ಟ್ರ್ಯಾಕ್ಟರ್ ಆಕಾಶ ನೋಡುತ್ತಾ ನಿಂತಿತು.

"ನೋಡವ್ವಾ ಹೂವಿ, ನಿನ್ನ ಟ್ರ್ಯಾಕ್ಟರ್ ನನಗ ಸಲಾಮು ಹೊಡೀತೈತಿ," ಅಂದ ಮೌನೇಶಕಾಕಾ.

"ಇಳಸ್ರಿ! ಇಳಸ್ರಿ!" ಅಂತು ಟ್ರ್ಯಾಕ್ಟರ್. "ಸಣ್ಣದ ಸಾಕು!"

ಸಣ್ಣದನ್ನು ಹಾಕಿದ. ಫ್ಯಾನು ತಿರುಗಿತು. ಉಫ್! ಒಂದು ಎಲೆ ಅಲ್ಲಾಡಿತು. ಅದೂ ಅರ್ಧ.

"ಚಹಾ ಆರಸಾಕ ಅಡ್ಡಿಯಿಲ್ಲ," ಅಂದ ಮೌನೇಶಕಾಕಾ.

ನಡುವಿನದನ್ನು ತಂದ. ಬೆನ್ನಿಗೆ ಒರಗಿಸಿದ. ಬೆನ್ನು ಕುಸಿಯಲಿಲ್ಲ. ಗಾಲಿ ಏಳಲಿಲ್ಲ. "ಹಾಸಿಗೆ ಇದ್ದಷ್ಟ ಕಾಲು. ಬೆನ್ನು ಇದ್ದಷ್ಟ ಹೊರಿ," ಅಂದ. ಟ್ರ್ಯಾಕ್ಟರ್ ಮೂತಿ ಉಬ್ಬಿಸಿತು. ಆದರೆ ಒಳಗೊಳಗೇ ಹಾಯೆನಿಸಿತು.

ಅಷ್ಟರಲ್ಲಿ ಮೌನೇಶಕಾಕಾ ತಲೆ ಕೆರೆದುಕೊಂಡ. ಬೆನ್ನಿಗೆ ಮೂರು ಕೊಕ್ಕೆ. ಮೂರು ಕೊಕ್ಕೆಗೆ ಮೂರು ಪಿನ್ನು. ಇರುವುದು ಎರಡೇ. ದೊಡ್ಡದರ ಪಿನ್ನು ತೀರಾ ದಪ್ಪ. ಸಣ್ಣದರ ಪಿನ್ನು ತೀರಾ ಸಣಕಲು. ನಡುವಿನದಕ್ಕೆ ನಡುವಿನದೇ ಆಗಬೇಕು.

"ಮೂರನೇ ಪಿನ್ನು ಎಮ್ಮಿಗೆ ಗೂಟ ಮಾಡೀನಿ. ಅದನ್ನ ತಗೊಂಡ ಬಾ, ಫ್ಯಾನು ಕೊಡತೀನಿ."

ಹೂವಿ ಓಡಿದಳು, ಪಟ ಪಟ ಪಟ. ಕಣದ ಪಕ್ಕ ಓಡಿದಳು. ಗುಡ್ಡೆಯೊಳಗಿಂದ ಸದ್ದು. "ಮಿಯಾಂ."

ಎಮ್ಮೆ ಕೂತಿತ್ತು. ಎಲ್ಲಿ? ಸರಿಯಾಗಿ ಪಿನ್ನಿನ ಮೇಲೆ.

"ಬೂದಿ ಹೊಟ್ಟಿನಾಗ ಐತಿ. ಹೊಟ್ಟು ಹಾರಾಕ ಗಾಳಿ ಬೇಕು. ಗಾಳಿ ಬಿಡಾಕ ಟ್ರ್ಯಾಕ್ಟರಿಗೆ ಫ್ಯಾನು ಬೇಕು. ಫ್ಯಾನಿಗೆ ಪಿನ್ನು ಬೇಕು. ಎಮ್ಮೆವ್ವಾ, ಏಳು."

ಎಮ್ಮೆ ಬಲಗಿವಿ ಅಲ್ಲಾಡಿಸಿತು. ಎಡಗಿವಿ ಅಲ್ಲಾಡಿಸಿತು. ಮಿಕ್ಕಿದ್ದು ಅಲ್ಲಾಡಲಿಲ್ಲ.

"ಬಿಸಿ ರೊಟ್ಟಿ ಬಂದ್ರ ಏಳತೀನಿ. ಬರಲಿಲ್ಲಂದ್ರ ಇಲ್ಲೇ ಬರೋಬ್ಬರಿ ಅದೀನಿ."

ಹೂವಿ ಓಡಿದಳು, ಪಟ ಪಟ ಪಟ. ಕಣದ ಪಕ್ಕ ಓಡಿದಳು. ಗುಡ್ಡೆಯೊಳಗಿಂದ ಸದ್ದು. "ಮಿಯ."

ದುಂಡವ್ವಜ್ಜಿ ಒಲೆ ಮುಂದೆ ಕೂತಿದ್ದಳು.

"ಬೂದಿ ಹೊಟ್ಟಿನಾಗ ಐತಿ. ಹೊಟ್ಟು ಹಾರಾಕ ಗಾಳಿ ಬೇಕು. ಗಾಳಿ ಬಿಡಾಕ ಟ್ರ್ಯಾಕ್ಟರಿಗೆ ಫ್ಯಾನು ಬೇಕು. ಫ್ಯಾನಿಗೆ ಪಿನ್ನು ಬೇಕು. ಪಿನ್ನು ಬಿಡಾಕ ಎಮ್ಮಿಗೆ ರೊಟ್ಟಿ ಬೇಕು. ಅಜ್ಜೀ, ರೊಟ್ಟಿ ಕೊಡು."

"ಎಮ್ಮಿಗೆ ಬಿಸಿ ರೊಟ್ಟಿನ? ನನಗ ತಂಗಳ ಐತಿ! ಇರಲಿ ಬಿಡು. ಹಂಚು ಕಾದೈತಿ, ಡಬ್ಬಿ ಬರಿದಾಗೈತಿ. ಹಿಟ್ಟು ತಗೊಂಡ ಬಾ, ರೊಟ್ಟಿ ಬಡಿದು ಕೊಡತೀನಿ."

ಹೂವಿ ಓಡಿದಳು, ಪಟ ಪಟ ಪಟ. ಕಣದ ಪಕ್ಕ ಓಡಿದಳು. ಗುಡ್ಡೆಯೊಳಗಿಂದ ಸದ್ದು. "ಮೀ."

ಗಿರಣಿಯಲ್ಲಿ ರಾಜೇಸಾಬಕಾಕಾ ನಿಂತಿದ್ದ. ಹುಬ್ಬೂ ಬಿಳಿ, ಮೀಸೆಯೂ ಬಿಳಿ.

"ಬೂದಿ ಹೊಟ್ಟಿನಾಗ ಐತಿ. ಹೊಟ್ಟು ಹಾರಾಕ ಗಾಳಿ ಬೇಕು. ಗಾಳಿ ಬಿಡಾಕ ಟ್ರ್ಯಾಕ್ಟರಿಗೆ ಫ್ಯಾನು ಬೇಕು. ಫ್ಯಾನಿಗೆ ಪಿನ್ನು ಬೇಕು. ಪಿನ್ನು ಬಿಡಾಕ ಎಮ್ಮಿಗೆ ರೊಟ್ಟಿ ಬೇಕು. ರೊಟ್ಟಿ ಬಡಿಯಾಕ ಅಜ್ಜಿಗೆ ಹಿಟ್ಟು ಬೇಕು. ಕಾಕಾ, ಹಿಟ್ಟು ಕೊಡ್ರಿ."

"ಹಿಟ್ಟು ಮಾಡಾಂವ ನಾನ. ಆದ್ರ ಬರೇ ಗಿರಣಿ ತಿರುಗಿಸಿದ್ರ ಬರೇ ಸಪ್ಪಳ ಬರತೈತಿ, ಮಗಳ. ಜೋಳ ತಗೊಂಡ ಬಾ, ಹಿಟ್ಟು ಕೊಡತೀನಿ."

ಜೋಳ! ಜೋಳ ಎಲ್ಲಿದೆ? ಕಣದಲ್ಲೇ ಇದೆ. ಹೊಟ್ಟಿನ ಗುಡ್ಡೆಯ ಪಕ್ಕದಲ್ಲೇ ಇದೆ. ಹೂವಿ ಊರೆಲ್ಲ ಸುತ್ತಿ ಹೊರಟಲ್ಲಿಗೇ ಬಂದಳು. ಗುಡ್ಡೆಗೆ ಕಿವಿ ಕೊಟ್ಟಳು.

ಸದ್ದೇ ಇಲ್ಲ.

"ಬೂದಿ?"

ಸದ್ದೇ ಇಲ್ಲ. ಹೂವಿ ದೊಡ್ಡಪ್ಪನ ಹತ್ತಿರ ಓಡಿದಳು.

"ದೊಡ್ಡಪ್ಪಾ! ಬೂದಿ ಹೊಟ್ಟಿನಾಗ ಐತಿ. ಹೊಟ್ಟು ಹಾರಾಕ ಗಾಳಿ ಬೇಕು. ಗಾಳಿ ಬಿಡಾಕ ಟ್ರ್ಯಾಕ್ಟರಿಗೆ ಫ್ಯಾನು ಬೇಕು. ಫ್ಯಾನಿಗೆ ಪಿನ್ನು ಬೇಕು. ಪಿನ್ನು ಬಿಡಾಕ ಎಮ್ಮಿಗೆ ರೊಟ್ಟಿ ಬೇಕು. ರೊಟ್ಟಿ ಬಡಿಯಾಕ ಅಜ್ಜಿಗೆ ಹಿಟ್ಟು ಬೇಕು. ಹಿಟ್ಟು ಬೀಸಾಕ ಗಿರಣಿಗೆ ಜೋಳ ಬೇಕು. ದೊಡ್ಡಪ್ಪಾ, ಜೋಳ ಕೊಡ್ರಿ!"

"ಮನೀ ಹುಡುಗಿಗೆ ಕಣದಾಗ ಎಂಥಾ ಜೋಳ? ಮನೀಗೆ ಹೋಗು. ಸಂಜೀಗೆ ಗಾಳಿ ಬರತೈತಿ. ಆಮ್ಯಾಲ ನೋಡೂನು."

ಹೂವಿ ತಲೆ ತಗ್ಗಿಸಿ ಹೊರಟಳು. ಕಣದ ಅಂಚಿಗೆ ಬಂದಳು. ಗಕ್ಕನೆ ನಿಂತಳು. ನಿಮಗೆ ಆಗಲೇ ಗೊತ್ತಿತ್ತು, ಅಲ್ಲವೇ? ಅವಳಿಗೆ ಈಗ ನೆನಪಾಯಿತು.

ಕಣದಿಂದ ಹೊರಗೆ ಹೋದಳು. ಕಣ್ಣು ಒರೆಸಿಕೊಂಡಳು. ದೊಡ್ಡವರ ಹಾಗೆ ನಡೆಯುತ್ತಾ ಒಳಗೆ ಬಂದಳು. ಲಂಗದ ಅಂಚು ಹಿಡಿದು ಉಡಿ ಒಡ್ಡಿದಳು.

"ಯಜಮಾನ್ರ, ನಿಮ್ಮ ಕಣ ತುಂಬಲಿ. ನಿಮ್ಮ ರಾಶಿ ಹುಲುಸಾಗಲಿ."

ದೊಡ್ಡಪ್ಪ ಮೊರ ಎತ್ತಿಕೊಂಡ. ಉಡಿ ಒಡ್ಡಿದವರಿಗೆ ಇಲ್ಲ ಅನ್ನುವ ಹಾಗಿಲ್ಲ! "ಎಲಾ ಹುಡುಗಿ!" ಅಂತ ನಕ್ಕ. ಒಂದು ಮೊರ ಜೋಳ ಹಾಕಿದ. ಆಮೇಲೆ ಗುಡ್ಡೆಯ ಆಚೆ ಬದಿ ನೆರಳಲ್ಲಿ ಕಂಬಳಿ ಹಾಸಿ ಮಲಗಿದ. ಅವನನ್ನು ಅಲ್ಲೇ ಬಿಡೋಣ. ಆಮೇಲೆ ಬೇಕಾಗುತ್ತಾನೆ.

ಹೂವಿ ಬಂದ ದಾರಿಯಲ್ಲೇ ಹಿಂದಕ್ಕೆ ಓಡಿದಳು, ಪಟ ಪಟ ಪಟ.

ದೊಡ್ಡಪ್ಪ ಜೋಳ ಕೊಟ್ಟ. ಜೋಳ ಗಿರಣಿಗೆ ಕೊಟ್ಟಳು. ಗರ ಗರ ಗರ, ಗಿರಣಿ ಹಿಟ್ಟು ಕೊಟ್ಟಿತು. ಹಿಟ್ಟು ಅಜ್ಜಿಗೆ ಕೊಟ್ಟಳು. ಪಟ್ ಪಟ್ ಪಟ್, ಅಜ್ಜಿ ರೊಟ್ಟಿ ಕೊಟ್ಟಳು. ರೊಟ್ಟಿ ಎಮ್ಮೆಗೆ ಕೊಟ್ಟಳು. ಕರಂ ಕರಂ, ಎಮ್ಮೆ ಎದ್ದಿತು. ಪಿನ್ನು ಕಿತ್ತಳು. ಪಿನ್ನು ಮೌನೇಶಕಾಕಾನಿಗೆ ಕೊಟ್ಟಳು. ಟಣ್ ಟಣ್ ಟಣ್, ಮೂರು ಕೊಕ್ಕೆಗೆ ಮೂರು ಪಿನ್ನು. ಫ್ಯಾನು ಟ್ರ್ಯಾಕ್ಟರಿನ ಬೆನ್ನಿಗೆ ಕೂತಿತು!

ಎಲ್ಲರೂ ಕಣಕ್ಕೆ ಹೊರಟರು. ಮುಂದೆ ಹೂವಿ. ಅವಳ ಹಿಂದೆ ಟ್ರ್ಯಾಕ್ಟರ್. ಅದರ ಹಿಂದೆ ಮೌನೇಶಕಾಕಾ, ಅಜ್ಜಿ, ರಾಜೇಸಾಬಕಾಕಾ. ಎಲ್ಲರಿಗಿಂತ ಹಿಂದೆ ಎಮ್ಮೆ. ಇನ್ನೊಂದು ರೊಟ್ಟಿ ಸಿಕ್ಕೀತು ಅಂತ ಅದರ ಲೆಕ್ಕ.

ಟ್ರ್ಯಾಕ್ಟರ್ ಗುಡ್ಡೆಗೆ ಮುಖ ಮಾಡಿ ನಿಂತಿತು. ಎದೆ ಉಬ್ಬಿಸಿತು. "ಈಗ ನೋಡ್ರಿ!"

ಭರ್ರ್!

ಗಾಳಿ ಬಂತು. ಜೋರಾಗಿ ಬಂತು. ಆದರೆ ಫ್ಯಾನು ಇರುವುದು ಬೆನ್ನಿಗೆ. ಗಾಳಿ ಹೋಗಿದ್ದು ಹಿಂದಕ್ಕೆ. ಮೌನೇಶಕಾಕಾನ ರುಮಾಲು ಹಾರಿತು. ಅಜ್ಜಿಯ ಸೆರಗು ಹಾರಿತು. ರಾಜೇಸಾಬಕಾಕಾನ ಮೀಸೆಯ ಹಿಟ್ಟೆಲ್ಲ ಹಾರಿ ಮೀಸೆ ಕಪ್ಪಾಯಿತು. ಎಮ್ಮೆ ಮಾತ್ರ, "ತಂಪ ಐತಿ," ಅಂತು. ಹೊಟ್ಟು ಒಂದು ಚೂರೂ ಹಾರಲಿಲ್ಲ.

"ತಿರುಗಿ ನಿಂತು ಹಿಂದಕ ಹೋಗು!" ಅಂದಳು ಹೂವಿ.

"ಹಿಂದಕ? ನಾನ? ಸೋತಾವರು ಹಿಂದಕ ಹೋಗತಾರ. ನಾ ಹೋಗಂಗಿಲ್ಲ."

ಹೂವಿ ಸೊಂಟದ ಮೇಲೆ ಕೈ ಇಟ್ಟಳು. "ನಾ ಗಿರಣಿಗೆ ಹಿಂದಕ ಹೋಗೀನಿ, ಜೋಳ ಹಿಟ್ಟಾತು. ಅಜ್ಜಿ ಕಡೆ ಹಿಂದಕ ಹೋಗೀನಿ, ಹಿಟ್ಟು ರೊಟ್ಟಿ ಆತು. ಎಮ್ಮಿ ಕಡೆ ಹಿಂದಕ ಹೋಗೀನಿ, ಪಿನ್ನು ಸಿಕ್ಕಿತು. ಮೌನೇಶಕಾಕಾನ ಕಡೆ ಹಿಂದಕ ಹೋಗೀನಿ, ನಿನಗ ಫ್ಯಾನು ಬಂತು. ನಾ ಸೋತೀನೇನು? ನನ್ನ ಬೂದಿ ಒಳಗ ಐತಿ. ನೀ ನಾಚಕೋತ ನಿಂದರತೀ?"

ಟ್ರ್ಯಾಕ್ಟರ್ ನಾಚಿ ಕೆಂಪಾಯಿತು. ಮೊದಲೇ ಕೆಂಪಿತ್ತಲ್ಲ, ಯಾರಿಗೂ ಗೊತ್ತಾಗಲಿಲ್ಲ.

ತಿರುಗಿತು. ಗುಡ್ಡೆಗೆ ಬೆನ್ನು ಮಾಡಿತು. ಹಿಂದೆ ಹಿಂದೆ ಹೋಯಿತು, ಡುಗು ಡುಗು ಡುಗು.

ಭರ್ರ್ರ್ರ್!

ಟ್ರ್ಯಾಕ್ಟರ್ ಹಿಂದಕ್ಕೆ ಹೋಯಿತು. ಫ್ಯಾನು ತಿರುಗಿತು. ಗಾಳಿ ಬೀಸಿತು. ಹೊಟ್ಟು ಹಾರಿತು. ಹಾರಿತು, ಹಾರಿತು, ಗುಡ್ಡೆ ಕರಗಿತು. ಕಲ್ಲು ಕಂಡಿತು! ಬುಟ್ಟಿ ಕಂಡಿತು! "ಸಾಕು! ಸಾಕು!"

ಹೂವಿ ಕಲ್ಲು ತೆಗೆದಳು. ಬುಟ್ಟಿ ಎತ್ತಿದಳು.

ಬೂದಿ ಉಂಡೆಯಾಗಿ ಮಲಗಿತ್ತು. ಒಂದು ಕಣ್ಣು ತೆರೆಯಿತು. ಸೀನಿತು. ಆಮೇಲೆ ಬಾಯಿ ಪೂರ್ತಿ ತೆರೆದು ಬೈಯಿತು.

"ಮಿಯಾಂವ್!"

ಇಷ್ಟು ಹೊತ್ತು ಎಲ್ಲಿದ್ದೆ ಅಂತ. ಹೂವಿ ಅದನ್ನು ಉಡಿಯಲ್ಲಿ ಹಾಕಿಕೊಂಡಳು. ನಕ್ಕಳು, ಅತ್ತಳು, ಎರಡನ್ನೂ ಒಟ್ಟಿಗೇ ಮಾಡಿದಳು.

ಆಗ ಎಲ್ಲಿಂದಲೋ ಒಂದು ಸದ್ದು ಬಂತು.

"ಆಕ್ಷೀ!"

ಬೂದಿಯಲ್ಲ. ಎಮ್ಮೆಯಲ್ಲ. ಎಲ್ಲರೂ ಆಚೆ ಬದಿ ನೋಡಿದರು. ಅಲ್ಲೊಂದು ಹೊಸ ಹೊಟ್ಟಿನ ಗುಡ್ಡೆ. ಗುಡ್ಡೆಯ ತುದಿಯಲ್ಲಿ ಒಂದು ಮೂಗು, ಎರಡು ಮೀಸೆ.

"ಹೂವೀ! ನಾನ, ನಿಮ್ಮ ದೊಡ್ಡಪ್ಪ! ಮೈಯೆಲ್ಲಾ ಕಡೀತೈತಿ! ಲಗೂನ ಹೊರಗ ತಗೀರಿ!"

ಹೂವಿ ಬೂದಿಯ ತಲೆ ಸವರಿದಳು.

"ತಡೀರಿ ದೊಡ್ಡಪ್ಪಾ. ಸಂಜೀಗೆ ಗಾಳಿ ಬರತೈತಿ. ಆಮ್ಯಾಲ ನೋಡೂನು."

ಆದರೆ ಮರಿ ಟ್ರ್ಯಾಕ್ಟರಿಗೆ ಹಿಂದೆ ಹೋಗುವ ರುಚಿ ಹತ್ತಿಬಿಟ್ಟಿತ್ತು. ಯಾರೂ ಕೇಳುವ ಮೊದಲೇ ಬೆನ್ನು ತಿರುಗಿಸಿ ಹೊರಟಿತು, ಡುಗು ಡುಗು ಡುಗು.

ಹೂಂ ಅಂದವರಿಗೆ ಬಿಸಿ ರೊಟ್ಟಿ. ನಡುವೆ ನಿದ್ದೆ ಹೋದವರಿಗೆ ಎರಡು ಬೊಗಸೆ ಹೊಟ್ಟು.